ಕೊಲ್ಹಾರದ ಅಂಕಿತ

"ಪದ ಚೊಲೋ ಐತಿ ತಂಗಿ. ಆದರ ಅಂಕಿತ ಎಲ್ಲಿ?" ಎಂದು ತೀರ್ಪುಗಾರ ಶ್ರೀಶೈಲಪ್ಪ ಮೈಕಿನಲ್ಲಿ ಕೇಳಿದಾಗ ಪಲ್ಲವಿಯ ಕೈಯಲ್ಲಿದ್ದ ದಪ್ಪು ಅಲ್ಲಿಗೇ ನಿಂತಿತು.

ಗೀಗೀ ಪದ ಹಾಡುವವರಲ್ಲಿ ಒಂದು ಕಟ್ಟಳೆ ಉಂಟು. ಕೊನೆಯ ನುಡಿಯಲ್ಲಿ ಪದ ಯಾವ ಊರಿನದು, ಯಾರದು ಎಂದು ಹೇಳಿಯೇ ಮುಗಿಸಬೇಕು. ಅದೇ ಅಂಕಿತ. ಸ್ಪರ್ಧೆಯ ಇಂಡಿ, ಮುದ್ದೇಬಿಹಾಳದ ಸುತ್ತುಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಲ್ಲಿಯ ತೀರ್ಪುಗಾರರಿಗೆ ದಪ್ಪು ಯಾವುದು ತುಂತುಣಿ ಯಾವುದು ಎಂಬುದೇ ಗೊತ್ತಿರಲಿಲ್ಲ ಬಿಡಿ. ಬಸವನಬಾಗೇವಾಡಿಯ ಈ ಕೊನೆಯ ಸುತ್ತಿನಲ್ಲಿ ಮಾತ್ರ, ನಲವತ್ತು ವರ್ಷ ಹಾಡಿ ಗಂಟಲು ಸವೆಸಿಕೊಂಡ ಮುದುಕ ಬಂದು ಕೂತುಬಿಟ್ಟಿದ್ದ.

"ಅಂಕಿತ ಇಲ್ಲದ್ದು ಕದ್ದ ಪದ ಅಂತಾರ ನಮ್ಮ ಕಡೆ. ಯಾವೂರಿಂದು? ಯಾರ ಹೇಳ್ಯಾರ ನಿನಗ ಈ ಕಥಿ?"

ಕಥೆ ಹೇಳಿದವಳು ಅವಳ ತಾಯಿ ಸುಂದರವ್ವ. ಕನ್ನೊಳ್ಳಿಯಿಂದ ದಿನಾ ಬಸ್ಸಿಗೆ ಹೋಗಿ ಸಿಂದಗಿಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವವಳು. ಮಕ್ಕಳ ಪಾಲಿನ ತೊಗರಿಬೇಳೆಯ ಚೀಲಗಳನ್ನು ವಾರ್ಡನ್ ಗುರುವಾರಕ್ಕೊಮ್ಮೆ ಹಿತ್ತಲ ಬಾಗಿಲಿಗೆ ಟಂಟಂ ಆಟೊ ಹಚ್ಚಿ ಹೇರಿ ಕಳಿಸುವುದನ್ನು ನೋಡಿ ನೋಡಿ, ಆ ಹುಡುಗಿಯರ ತಾಟಿಗೆ ನೀರುಸಾರು ಬಡಿಸಿ ಬಡಿಸಿ ಸಾಕಾಗಿ, ಮೇಲಿನ ಕಚೇರಿಗೆ ಹೆಸರಿಲ್ಲದ ಅರ್ಜಿ ಬರೆದಿದ್ದಳು. ವಿಚಾರಣೆ ನಡೆದಿತ್ತು. ಅರ್ಜಿ ಬರೆದವರು ಯಾರೆಂದು ವಾರ್ಡನ್ ವಿದ್ಯಾವತಿ ಎರಡು ತಿಂಗಳಿಂದ ಬೇಳೆಯಲ್ಲಿ ಹರಳು ಆರಿಸುವಂತೆ ಕೆಲಸದವರನ್ನು ಒಬ್ಬೊಬ್ಬರಾಗಿ ಆರಿಸಿ ನೋಡುತ್ತಿದ್ದಳು.

ಅಷ್ಟರಲ್ಲಿ ಈ ಸ್ಪರ್ಧೆ ಬಂತು. ಅನ್ಯಾಯ ಬಯಲಿಗೆಳೆದವರ ರಕ್ಷಣೆಗಾಗಿ ಕಾಲೇಜಿನ ಹುಡುಗ ಹುಡುಗಿಯರಿಂದ ಹಾಡು, ನಾಟಕ, ಚಿತ್ರ. ಅವಳ ಕಾಲೇಜಿನ ಸಿದ್ದಾರೂಢ ಮಾಸ್ತರರು ಪಲ್ಲವಿಯ ಕೈಗೆ ದಪ್ಪು ಕೊಟ್ಟರು. ಪದ ಕಟ್ಟಲು ಕೂತವಳಿಗೆ ಪರರ ಕಥೆ ಏಕೆ ಬೇಕು? "ಹೆಸರ ಹಾಕಂಗಿಲ್ಲಬೇ" ಎಂದು ತಾಯಿಯನ್ನು ಒಪ್ಪಿಸಿದಳು. ತನ್ನ ತಾಯಿ ಎಂಥವಳೆಂದು ಊರಿಗೆಲ್ಲ ಸಾರಬೇಕು, ಯಾರಿಗೂ ತಿಳಿಯಲೂಬಾರದು. ಎರಡೂ ಒಟ್ಟಿಗೆ ಆಗುತ್ತವೆಂದು ನಂಬಲು ಹತ್ತೊಂಬತ್ತು ವರ್ಷವೇ ಆಗಿರಬೇಕು.

ಈಗ ನೋಡಿದರೆ ಮೂರನೆಯ ಸಾಲಿನಲ್ಲಿ ವಿದ್ಯಾವತಿ ಕೂತಿದ್ದಳು. ತನ್ನ ಹಾಸ್ಟೆಲಿನ ಹುಡುಗಿಯರ ನಾಟಕದ ತಂಡ ಕರೆತಂದಿದ್ದಳಂತೆ. ಟಂಟಮ್ಮಿನ ನುಡಿ ಬಂದಾಗ ಆಕೆ ಫೋನು ಕೆಳಗಿಟ್ಟು ತಲೆಯೆತ್ತಿದ್ದನ್ನು ಪಲ್ಲವಿ ಕಂಡಿದ್ದಳು. ಪಲ್ಲವಿ ಯಾರ ಮಗಳೆಂದು ಆಕೆಗೆ ಗೊತ್ತಿರಲಿಲ್ಲ, ಆದರೆ ಕನ್ನೊಳ್ಳಿ ಎಂದರೆ ಮುಗಿಯಿತು. ಆ ಅಡುಗೆಮನೆಗೆ ಕನ್ನೊಳ್ಳಿಯಿಂದ ಬರುವವಳು ಒಬ್ಬಳೇ. ಹೇಳುವುದಿಲ್ಲ ಎಂದರೂ ಮುಗಿಯಿತು. ಏನೋ ಮುಚ್ಚಿಡುತ್ತಿದ್ದಾಳೆಂದು ಆಕೆ ನಾಳೆಯೇ ಬೆನ್ನು ಹತ್ತುತ್ತಾಳೆ. ಅತ್ತ ದರಿ, ಇತ್ತ ಪುಲಿ.

"ಹೇಳವಾ, ಅಂಜಬ್ಯಾಡ" ಎಂದು ಪಕ್ಕದಿಂದ ಮಾಸ್ತರರು ಪಿಸುಗುಟ್ಟಿದರು. ದೂರು ಕೊಟ್ಟವರ ಹೆಸರು ಗುಟ್ಟಾಗಿ ಉಳಿಯಬೇಕೆಂದು ಇದೇ ಮೈಕಿನಲ್ಲಿ ಒಂದು ಗಂಟೆ ಮುಂಚೆ ಭಾಷಣ ಬಿಗಿದವರು ಇವರೇ. ಪಾಪ, ಅವರಿಗೇನು ಗೊತ್ತು.

ಪಲ್ಲವಿ ಕಣ್ಣು ಮುಚ್ಚಿ, ಬಾಯಿಗೆ ಬಂದ ಊರನ್ನು ಹಾಡಿಬಿಟ್ಟಳು.

"ಕೃಷ್ಣಿ ದಂಡಿ ಮ್ಯಾಲ ಕೊಲ್ಹಾರ ಊರ
ಅಲ್ಲಿ ತಾಯಿ ಹೇಳ್ಯಾಳ, ನಾ ಹಾಡೇನ್ರಿ..."

ಹಿಂದೆ ನಿಂತ ಗೆಳತಿಯರು ಗೀಯ ಗೀಯ ಎಂದು ಎತ್ತಿಕೊಂಡರು. ಮುದುಕ ತಲೆದೂಗಿದ. ಮೊದಲ ಬಹುಮಾನ ಬಂತು. ಸಂಜೆಯೊಳಗೆ ಆ ಕೊನೆಯ ನುಡಿಯ ವಿಡಿಯೊ ತುಣುಕು ನಾಲ್ಕು ತಾಲ್ಲೂಕಿನ ಫೋನುಗಳನ್ನು ಸುತ್ತಿತು.

ಮರುದಿನ ಸುಂದರವ್ವ ಮಧ್ಯಾಹ್ನವೇ ಮನೆಗೆ ಬಂದಳು. ಚೀಲ ಇಡಲಿಲ್ಲ, ನೀರು ಕುಡಿಯಲಿಲ್ಲ.

"ರಹಿಮಾಬೀನ್ನ ಕೆಲಸದಿಂದ ಬಿಡಿಸ್ಯಾರ" ಎಂದಳು. "ಕೊಲ್ಹಾರದಾಕಿ ಯಾರಂತ ನನಗ ಗೊತ್ತಾಗಂಗಿಲ್ಲೇನು ಅಂತ ವಾರ್ಡನ್‌ಬಾಯಿ ನನ್ನ ಮುಂದ ಅಂದ್ಲು."

ತಾಯಿಯ ಜೊತೆ ಹನ್ನೆರಡು ವರ್ಷದಿಂದ ರೊಟ್ಟಿ ಬಡಿಯುವ ರಹಿಮಾಬಿ. ಕೊಲ್ಹಾರದ ಮೊಸರು, ಕೊಲ್ಹಾರದ ಹೊಳೆಮೀನು ಎಂದು ತವರನ್ನು ಬಾಯಿತುಂಬ ಹೊಗಳುವವಳು. ಆ ಊರು ಸುಮ್ಮನೆ ಬಾಯಿಗೆ ಬಂದಿರಲಿಲ್ಲ.

"ಆಕಿಗೆ ಬರಿಯಾಕ ಬರಂಗಿಲ್ಲಲ್ಲಬೇ!"

"ಯಾರ ಕಡೆಯಿಂದರ ಬರಿಸಿರ್ತಾಳ ಅಂದ್ಲು."

"ನೀ ಏನಂದಿ?"

ಸುಂದರವ್ವ ಹೊಸ್ತಿಲ ಮೇಲೆ ಕೂತಳು. "ಏನೂ ಅನ್ನಲಿಲ್ಲ. ನಿನ್ನ ಕಾಲೇಜು ಕಣ್ಣಮುಂದ ಬಂತು. ಹಿಟ್ಟ ನಾದಕೋತ ಕುಂತೆ. ಅರ್ಜಿ ಬರಿಯೂವಾಗಿನ ಧೈರ್ಯ ಎಲ್ಲಿ ಸತ್ತಿತ್ತೋ ಏನೋ." ಆಮೇಲೆ ಎದ್ದು ಸೆರಗು ಬಿಗಿದಳು. "ನಡಿ. ಮೊದಲ ಆಕಿ ಮನಿಗೆ ಹೋಗೂಣು. ಆಮ್ಯಾಲ ನಾ ಹಾಸ್ಟೆಲಿಗೆ ಹೋಗಿ ನನ್ನ ಹೆಸರ ಹೇಳ್ತೇನಿ."

"ಹೇಳಿದ್ರ ನಿನ್ನೂ ಬಿಡಸ್ತಾರ. ಆಕಿನ್ನ ತಿರುಗಿ ತಗೊಳ್ಳಂಗಿಲ್ಲ."

"ಗೊತ್ತೈತಿ."

ಸಿಂದಗಿಯ ಬಾಡಿಗೆ ಖೋಲಿಯಲ್ಲಿ ರಹಿಮಾಬಿ ಪಲ್ಲವಿಯನ್ನು ಕಂಡದ್ದೇ ಕೆನ್ನೆ ಸವರಿ ನೆಟಿಗೆ ಮುರಿದಳು. ಬಸ್ಸಿನಲ್ಲಿ ಉದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಪಲ್ಲವಿ ಶುರುಮಾಡುವ ಮೊದಲೇ ಅವಳು ಮಾತಿಗಿಳಿದಳು.

"ಕೆಲಸ ಹೋತ ಬಿಡ. ಯಾಕ ಅಂತ ಸೈತ ಹೇಳಲಿಲ್ಲ ಆ ಬಾಯಿ" ಎಂದಳು ರಹಿಮಾಬಿ. "ಮುಂಜಾನಿಂದ ನಿನ್ನ ಆ ನುಡಿ ಕೇಳಕೋತ ಕುಂತೇನಿ ಬೇಟಿ. ನಮ್ಮ ಹಳೇ ಊರ ಡ್ಯಾಮಿನ ನೀರಾಗ ಹೋತು. ಮನಿ ಹೋದ್ವು, ಅಪ್ಪನ ಗೋರಿ ಹೋತು. ಹಾಡಿನ್ಯಾಗರ ಬಂತಲ್ಲ! ಬಳಗಕ್ಕೆಲ್ಲ ಕಳಿಸೇನಿ. ಎಲ್ಲಿ, ಆ ಕಡೀ ನುಡಿ ನನ್ನ ಮುಂದ ಒಮ್ಮಿ ಹಾಡ."

ಅವಳು ಕೂಗಿ ಕರೆದದ್ದಕ್ಕೆ ಅಕ್ಕಪಕ್ಕದ ಹೆಂಗಸರು ಬಂದು ಬಾಗಿಲು ತುಂಬಿ ನಿಂತರು. ಓಡಿಹೋಗೋಣವೆಂದರೂ ದಾರಿಯಿರಲಿಲ್ಲ. ಪಲ್ಲವಿ ತಾಯಿಯ ಮುಖ ನೋಡಿದಳು. ತಾಯಿ ನೆಲ ನೋಡುತ್ತಿದ್ದಳು. ಆಡಲಾಗದ್ದನ್ನು ಹಾಡಿಯಾದರೂ ಹೇಳಬೇಕಿತ್ತು. ದಪ್ಪು ಇಲ್ಲದೆ ಹಾಡಿದಳು.

"ಸಿಂದಗಿ ತಾಲೂಕ ಕನ್ನೊಳ್ಳಿ ಊರ
ಹಡದವ್ವ ಹೇಳ್ಯಾಳ, ನಾ ಹಾಡೇನ್ರಿ..."

ಬಾಗಿಲಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಸುಂದರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಹಿಮಾಬಿ ಮಾತ್ರ ತಟ್ಟಲಿಲ್ಲ. ಏನೊಂದೂ ತಿಳಿಯದೆ ಪಲ್ಲವಿಯನ್ನೇ ನೋಡಿದಳು.

"ನಮ್ಮೂರ ಯಾಕ ತಗದಿ ಬೇಟಿ?" ಎಂದಳು.