ಸಿಂಗಪುರಕ್ಕೆ ಹೋದ ಹೊಳಿಯಮ್ಮನ ಎರಡು ಕಾರ್ಡು

ಹನುಮಸಾಗರದ ಹೊಳಿಯಮ್ಮ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆ ಸೀರೆ, ಹರಿದ ಧೋತರ, ಏನು ಕೊಟ್ಟರೂ ಅದರಲ್ಲಿ ಬಳ್ಳಿ ಹಬ್ಬಿಸುತ್ತಾಳೆ, ನವಿಲು ಕೂರಿಸುತ್ತಾಳೆ. ಅವಳ ಜೊತೆ ಕೂತು ಹೊಲಿಯುವವಳು ಪಕ್ಕದ ಓಣಿಯ ಲಾಲಬೀ. ಇಬ್ಬರೂ ಒಂದೇ ಮಹಿಳಾ ಸಂಘದವರು. ಈ ಸಲ ಇಬ್ಬರಿಗೂ ಸಿಂಗಪುರದ ಕರಕುಶಲ ಮೇಳದಿಂದ ಕರೆ ಬಂತು. ವಿಮಾನದ ಟಿಕೆಟ್ಟು, ಇರಲು ರೂಮು ಮೇಳದವರದು. ಊಟ, ಓಡಾಟ, ಮೇಲಿನ ಖರ್ಚು ಇವರದು.

ಸುದ್ದಿ ತಿಳಿದದ್ದೇ ತಡ, ಹೊಳಿಯಮ್ಮನ ಮನೆ ಮುಂದೆ ಹೆಂಗಸರು ನೆರೆದರು. ಕುಷ್ಟಗಿ, ಕೊಪ್ಪಳ ಬಿಟ್ಟರೆ ಹುಬ್ಬಳ್ಳಿ, ಅದರಾಚೆ ಹೊಳಿಯಮ್ಮ ಕಾಲಿಟ್ಟವಳಲ್ಲ. ಅಂಥವಳು ವಿಮಾನ ಹತ್ತುತ್ತಾಳೆ. ಒಬ್ಬಳು ಶೇಂಗಾ ಹಿಂಡಿ ಕಟ್ಟಿ ಕೊಡುತ್ತೇನೆ ಅಂದಳು, ಇನ್ನೊಬ್ಬಳು ಹೊಸ ಇಳಕಲ್ ಸೀರೆ ಉಟ್ಟೇ ಹೋಗಬೇಕು ಅಂದಳು. ಆಗ ಯಾರೋ ಕೇಳಿದರು: "ಖರ್ಚಿಗೆ ರೊಕ್ಕ ಹೆಂಗ ಒಯ್ತೀ?"

ಹೊಳಿಯಮ್ಮ ಬಾಯಿ ತೆರೆಯುವ ಮೊದಲೇ ಗಂಡ ಹನುಮಣ್ಣ ಉತ್ತರ ಕೊಟ್ಟ.

"ಹೆಂಗಂದ್ರ? ನೋಟು ಒಯ್ಯೂದು. ಲಂಗದ ಒಳಗ ಒಂದು ಕಿಸೆ ಹೊಲಕೊಂಡ್ರ ಮುಗೀತು. ಕೌದಿ ಹೊಲಿಯಾಕಿಗೆ ಕಿಸೆ ಹೊಲಿಯೂದು ಭಾರೀ ಕೆಲಸೇನು?"

ಹನುಮಣ್ಣನಿಗೆ ಕಾರ್ಡು ಅಂದರೆ ಆಗದು. ಹೋದ ವರ್ಷ ಬ್ಯಾಂಕಿನವನು ಅಂತ ಹೇಳಿಕೊಂಡು ಯಾರೋ ಫೋನ್ ಮಾಡಿದ್ದ. ಇವನು ಕಾರ್ಡಿನ ನಂಬರು, ಮೊಬೈಲಿಗೆ ಬಂದ ಓಟಿಪಿ ಎಲ್ಲ ಓದಿ ಹೇಳಿದ. ಸಜ್ಜೆ ಮಾರಿ ಇಟ್ಟಿದ್ದ ರೊಕ್ಕ ಹೋಯಿತು. ಅಂದಿನಿಂದ ತನ್ನ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಿ ಕೀಲಿ ಜಡಿದಿದ್ದ.

ಆ ರವಿವಾರ ಶ್ವೇತಾ ಮನೆಗೆ ಬಂದಳು. ಹನುಮಣ್ಣನ ತಂಗಿಯ ಮಗಳು, ಕುಷ್ಟಗಿಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಅತ್ತೆಯ ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೂ ಖುಷಿ ತಡೆಯಲಾಗಲಿಲ್ಲ.

"ಅತ್ತಿ, ನೀ ಯಾವ ಕಾರ್ಡ್ ತಗೊಂಡು ಹೊಂಟೀದಿ?"

"ನಿಮ್ಮ ಮಾಮಾ ನೋಟ ಒಯ್ಯಿ ಅಂತಾರವ್ವಾ."

"ಸ್ವಲ್ಪ ನೋಟು ಬೇಕ ಬೇಕು. ಅವೂ ಸಿಂಗಪುರದ ಡಾಲರ್, ನಮ್ಮ ರೂಪಾಯಲ್ಲ. ಇಳಿದ ಕೂಡ್ಲೆ ಚಾ ಕುಡಿಯಾಕ, ಗಾಡಿ ಹಿಡಿಯಾಕ ಅಷ್ಟ ಸಾಕು. ಎಲ್ಲಾ ನೋಟ ಒಯ್ದು ಕಳಕೊಂಡ್ರ ಯಾರಿಗೆ ಕೇಳ್ತೀ?"

ಹನುಮಣ್ಣ ಕಟ್ಟೆಯ ಮೇಲಿಂದಲೇ ಕೂಗಿದ. "ಕಾರ್ಡ್ ಕಳದ್ರ?"

"ಕಾರ್ಡ್ ಕಳದ್ರ ಫೋನ್ ಮಾಡಿ ಬಂದ್ ಮಾಡಸಬಹುದು, ಮಾಮಾ. ನೋಟಿಗೆ ಯಾರಿಗೆ ಫೋನ್ ಮಾಡ್ತೀರಿ?"

ಹನುಮಣ್ಣ ಎದ್ದು ಬಂದು ಒಳಗೆ ಕೂತ. ಅಷ್ಟರಲ್ಲಿ ಲಾಲಬೀಯೂ ಬಂದಳು. ಹೊಳಿಯಮ್ಮ ತನ್ನ ಬ್ಯಾಂಕಿನ ಕಾರ್ಡು ತಂದು ತೋರಿಸಿದಳು.

"ಇದು ನಮ್ಮ ದೇಶದಾಗ ಅಷ್ಟ ನಡಿಯೂ ಕಾರ್ಡ್, ಅತ್ತಿ," ಅಂದಳು ಶ್ವೇತಾ. "ಹೊರದೇಶದಾಗ ನಡಿಯೂ ಕಾರ್ಡ್ ಬ್ಯಾರೆ ಇರ್ತೈತಿ, ಅದನ್ನ ಕೇಳಿ ತಗೋಬೇಕು. ತಗೊಂಡ್ರೂ ಮುಗೀಲಿಲ್ಲ. ಹೊರದೇಶದ ಬಳಕಿ ಅನ್ನೂದು ಬಂದ್ ಇರ್ತೈತಿ. ಬ್ಯಾಂಕಿಗೆ ಹೇಳಿ, ಇಲ್ಲಾ ಮೊಬೈಲ್‌ದಾಗ ಒತ್ತಿ, ಅದನ್ನ ಚಾಲೂ ಮಾಡಸ್ಬೇಕು. ದಿನಕ್ಕ ಎಷ್ಟು ರೊಕ್ಕ ತೆಗಿಬಹುದು ಅನ್ನೂ ಮಿತಿನೂ ಆವಾಗ ಹಾಕಿಸ್ಬೇಕು. ತಿರುಗಿ ಬಂದ ಮ್ಯಾಲ ಮತ್ತ ಬಂದ್ ಮಾಡಸ್ಬೇಕು."

"ಎಲ್ಲಾ ಕಾರ್ಡೂ ಒಂದ ಅಲ್ಲೇನವ್ವಾ?" ಲಾಲಬೀ ಕೇಳಿದಳು.

"ಅಲ್ರೀ ಚಿಗವ್ವಾ. ರೂಪಾಯಿ ಹೋಗಿ ಡಾಲರ್ ಆಗೂವಾಗ ಬ್ಯಾಂಕು ನಡುವ ಒಂದಿಷ್ಟು ಮುರ್ಕೊಂತೈತಿ. ಕೆಲವು ಕಾರ್ಡಿಗೆ ನೂರಕ್ಕ ಮೂರು, ಮೂರೂವರಿ ರೂಪಾಯಿ ಹೋಗ್ತೈತಿ. ಏನೂ ಮುರ್ಕೊಳ್ಳದ ಕಾರ್ಡೂ ಅದಾವು. ಕೇಳಿದ್ರ ಹೇಳ್ತಾರ, ನಾವು ಕೇಳಂಗಿಲ್ಲ. ಇನ್ನ ಫಾರೆಕ್ಸ್ ಕಾರ್ಡ್ ಅಂತ ಒಂದು ಐತಿ. ಅದಕ್ಕ ಹೋಗೂ ಮೊದಲ ಆ ದೇಶದ ರೊಕ್ಕ ತುಂಬಸೂದು. ಅವತ್ತಿನ ದರಕ್ಕ ತುಂಬಿಟ್ರ, ನಾಳೆ ಡಾಲರ್ ಏರಿದ್ರೂ ತುಂಬಿದ ರೊಕ್ಕಕ್ಕ ಚಿಂತಿ ಇಲ್ಲ."

ಹನುಮಣ್ಣ ನಡುವೆ ಬಾಯಿ ಹಾಕಿದ. "ನಮ್ಮ ರವಿಕುಮಾರನ ಕಡೆ ಕ್ರೆಡಿಟ್ ಕಾರ್ಡ್ ಐತಿ. ಅದನ್ನ ಕೊಟ್ಟು ಕಳಸ್ತೀನಿ. ಮಷಿನ್ಯಾಗ ಹಾಕಿ ರೊಕ್ಕ ತೆಗೀಲಿ." ರವಿಕುಮಾರ ಅವರ ಮಗ, ಕೊಪ್ಪಳದಲ್ಲಿ ಸರ್ಕಾರಿ ನೌಕರಿ.

"ಬ್ಯಾಡ ಮಾಮಾ. ಮಗಂದಾದ್ರೂ ಒಬ್ಬರ ಕಾರ್ಡ್ ಇನ್ನೊಬ್ಬರು ಬಳಸಬಾರದು. ಅದೂ ಅಲ್ದ, ಕ್ರೆಡಿಟ್ ಕಾರ್ಡಿನಾಗ ನೋಟು ತೆಗೆದ್ರ ಅವತ್ತಿಂದನ ಬಡ್ಡಿ ಸುರು, ಮ್ಯಾಲ ಫೀ ಬ್ಯಾರೆ. ಅದು ಅಂಗಡ್ಯಾಗ ಕೊಡಾಕ ಅಷ್ಟ. ನೋಟು ತೆಗಿಯಾಕ ಡೆಬಿಟ್ ಕಾರ್ಡ್, ಇಲ್ಲಾ ಫಾರೆಕ್ಸ್ ಕಾರ್ಡ್. ಪ್ರತಿ ಸಲ ತೆಗೆದಾಗ ಫೀ ಬೀಳ್ತೈತಿ, ಹಂಗಾಗಿ ದಿನಾ ಚೂರು ಚೂರು ತೆಗಿಬ್ಯಾಡ ಅತ್ತಿ. ಬೇಕಾದಷ್ಟು ಒಮ್ಮೆ ತಗಿ."

ಕೊನೆಗೆ ಶ್ವೇತಾ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ಇದೊಂದು ಮಾತು ಮರಿಬ್ಯಾಡ. ಅಂಗಡ್ಯಾಗ ಕಾರ್ಡ್ ಹಾಕಿದಾಗ ಮಷಿನ್ ಕೇಳ್ತೈತಿ, ರೂಪಾಯದಾಗ ತಗೋಲೋ, ಡಾಲರ್‌ದಾಗ ತಗೋಲೋ ಅಂತ. ರೂಪಾಯಿ ಅಂದ್ರ ನಮ್ಮದು ಅನ್ನಿಸ್ತೈತಿ, ಆದ್ರ ಲೆಕ್ಕಾ ಅವರು ಹಾಕ್ತಾರ, ತುಟ್ಟಿ ದರ ಹಚ್ತಾರ. ಅಲ್ಲಿಯ ರೊಕ್ಕನ ಅನ್ನು. ಡಾಲರ್ ಅನ್ನು."

"ಡಾಲರ್," ಅಂದಳು ಹೊಳಿಯಮ್ಮ. "ಡಾಲರ್," ಅಂದಳು ಲಾಲಬೀ. ಇಬ್ಬರೂ ನಗತೊಡಗಿದರು. ಹನುಮಣ್ಣನ ಮೀಸೆಯೂ ಸ್ವಲ್ಪ ಅಲುಗಾಡಿತು.

ಮರುದಿನ ಹೊಳಿಯಮ್ಮ ಬ್ಯಾಂಕಿಗೆ ಹೋಗಿ ಹೊರದೇಶದಲ್ಲಿ ನಡೆಯುವ ಡೆಬಿಟ್ ಕಾರ್ಡು ಕೇಳಿ ತೆಗೆದುಕೊಂಡಳು, ಹೊರದೇಶದ ಬಳಕೆ ಚಾಲೂ ಮಾಡಿಸಿ ದಿನದ ಮಿತಿಯನ್ನೂ ಹಾಕಿಸಿದಳು. ಲಾಲಬೀಯ ಖರ್ಚಿನ ರೊಕ್ಕವೂ ಅವಳ ಖಾತೆಗೇ ಜಮಾ ಆಯಿತು. ಒಂದು ಫಾರೆಕ್ಸ್ ಕಾರ್ಡಿಗೂ ಡಾಲರ್ ತುಂಬಿಸಿದಳು. ಅಲ್ಲಿ ಎಷ್ಟೋ ಅಂಗಡಿಯಲ್ಲಿ ಪಿನ್ ಇಲ್ಲದೆಯೇ ಕಾರ್ಡು ನಡೆಯುತ್ತದೆ, ಕಳೆದರೆ ಕೂಡಲೇ ಫೋನ್ ಮಾಡಿ ಅಂತ ಶ್ವೇತಾ ಇಬ್ಬರಿಗೂ ಹೇಳಿದ್ದರಿಂದ ಬ್ಯಾಂಕಿನ ಸಹಾಯವಾಣಿ ನಂಬರು ಫೋನಿನಲ್ಲಿ ಸೇರಿಸಿಕೊಂಡಳು. ಬ್ಯಾಂಕಿನ ಮೆಸೇಜು ಅಲ್ಲಿಯೂ ಬರಲಿ ಅಂತ ಸಿಮ್ಮಿಗೆ ರೋಮಿಂಗ್ ಹಾಕಿಸಿದಳು. ಫಾರೆಕ್ಸ್ ಕಾರ್ಡು ಸೊಂಟದ ಸಂಚಿಯಲ್ಲಿ, ಡೆಬಿಟ್ ಕಾರ್ಡು ಬಟ್ಟೆಯ ಪೆಟ್ಟಿಗೆಯಲ್ಲಿ. ಎರಡನ್ನೂ ಒಂದೇ ಕಡೆ ಇಡಬೇಡ ಅಂತ ಶ್ವೇತಾ ಹೇಳಿದ್ದಳು. ಪಿನ್ನು ಎಲ್ಲಿಯೂ ಬರೆಯಲಿಲ್ಲ, ತಲೆಯಲ್ಲಿ ಇಟ್ಟುಕೊಂಡಳು.

ಸಿಂಗಪುರ ಅಂದರೆ ಏನು ಹೇಳುವುದು. ನೆಲದ ಕೆಳಗೆ ರೈಲು ಓಡುತ್ತದೆ. ಮೇಳದಲ್ಲಿ ಇವರ ಮಳಿಗೆ ಮುಂದೆ ಜನವೋ ಜನ. ಒಬ್ಬಾಕೆ ನವಿಲಿನ ಕೌದಿಯನ್ನು ಕೆನ್ನೆಗೆ ಒತ್ತಿಕೊಂಡು ಬಿಡಲೇ ಒಲ್ಲಳು. ಬಿಲ್ಲು, ರೊಕ್ಕದ ವ್ಯವಹಾರ ಎಲ್ಲ ಮೇಳದವರೇ ನೋಡಿಕೊಂಡರು. ಹೊಳಿಯಮ್ಮ ಸೂಜಿ ಹಿಡಿದು ಕೂತಳು, ಲಾಲಬೀ ತನ್ನ ಹಿಂದಿಯಲ್ಲಿ ಎಲ್ಲರಿಗೂ ವಿವರಿಸಿದಳು. ಅರ್ಥವಾಗದವರೂ ನಿಂತು ಕೇಳಿದರು.

ಮರುದಿನ ಮುಂಜಾನೆ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಳಿದು ಮೇಲೆ ಬಂದಾಗ ಹೊಳಿಯಮ್ಮ ಸೊಂಟ ಮುಟ್ಟಿಕೊಂಡಳು. ಸಂಚಿ ಇಲ್ಲ. ಫಾರೆಕ್ಸ್ ಕಾರ್ಡು, ಒಂದಿಷ್ಟು ನೋಟು, ಎಲ್ಲ ಅದರಲ್ಲೇ ಇದ್ದವು. ನೆಲ ನೋಡುತ್ತ ಬಂದ ದಾರಿಯಲ್ಲೇ ಹಿಂದೆ ತಿರುಗಿದಳು.

"ಹುಡುಕೂದು ಆಮ್ಯಾಲ ಅಕ್ಕಾ," ಅಂದಳು ಲಾಲಬೀ. "ಮೊದಲ ಫೋನ್ ತಗಿ. ಇಲ್ಲಿ ಎಷ್ಟೋ ಅಂಗಡ್ಯಾಗ ಪಿನ್ ಕೇಳಂಗಿಲ್ಲ ಅಂತ ಶ್ವೇತಾ ಹೇಳಿಲ್ಲೇನು?"

ಅಲ್ಲೇ ಗೋಡೆಗೆ ಒರಗಿ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ಲಾಲಬೀ ಅದನ್ನು ಕನ್ನಡ ಮಾಡಿದಳು, ಹೊಳಿಯಮ್ಮ ಉತ್ತರ ಕೊಟ್ಟಳು. ಹೆಸರು ಕೇಳಿದರು, ಹುಟ್ಟಿದ ತಾರೀಖು ಕೇಳಿದರು. ಪಿನ್ ಕೇಳಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಕಾರ್ಡು ಬಂದ್ ಆಗಿತ್ತು. ತುಂಬಿಸಿದ ಡಾಲರ್ ಹಾಗೇ ಇವೆ, ಊರಿಗೆ ಬಂದ ಮೇಲೆ ತಿರುಗಿ ಸಿಗುತ್ತವೆ ಅಂದರು.

ಆಮೇಲೆ ಊರಿಗೆ ಫೋನ್ ಹೋಯಿತು. ಹನುಮಣ್ಣ ಕೇಳಿದ್ದೇ ಸಿಟ್ಟಾದ. "ಕಾರ್ಡ್ ಬ್ಯಾಡ ಅಂದ್ರ ನನ್ನ ಮಾತು ಯಾರು ಕೇಳ್ತಾರ?"

"ನೋಟು ಹ್ವಾದುವು, ತಿರುಗಿ ಬರಂಗಿಲ್ಲ," ಅಂದಳು ಹೊಳಿಯಮ್ಮ. "ಕಾರ್ಡಿನಾಗಿಂದು ಒಂದು ಪೈಸಾನೂ ಹೋಗಿಲ್ಲ. ನಿಮ್ಮ ಮಾತು ಕೇಳಿ ಎಲ್ಲಾ ನೋಟ ತಂದಿದ್ರ ನಾವು ಇಲ್ಲಿ ಇವತ್ತು ಉಪಾಸ ಇರ್ತಿದ್ವಿ, ನೋಡ್ರಿ."

"ಆತು, ಮೊದಲ ಏನರ ತಿನ್ರಿ," ಅಂದ ಹನುಮಣ್ಣ.

ಪೆಟ್ಟಿಗೆಯಲ್ಲಿದ್ದ ಡೆಬಿಟ್ ಕಾರ್ಡು ಈಗ ಹೊಳಿಯಮ್ಮನ ಕುಪ್ಪಸದ ಕಿಸೆಗೆ ಬಂತು. ಒಂದು ಮಷಿನ್ನಿನಲ್ಲಿ ಖರ್ಚಿಗೆ ಬೇಕಾದ ಡಾಲರ್ ಒಮ್ಮೆಲೇ ತೆಗೆದಳು. ನೋಟು ಹೊರಗೆ ಬಂದಾಗ ಲಾಲಬೀ ಚಪ್ಪಾಳೆ ತಟ್ಟಿದಳು, ಹಿಂದೆ ನಿಂತವರೂ ನಕ್ಕರು.

ಅದರ ಮರುದಿನ ಮಧ್ಯಾಹ್ನ, ಮಳಿಗೆಯಲ್ಲಿ ಮಂದಿ ತುಂಬಿದ್ದಾಗ, ಲಾಲಬೀ ಒಮ್ಮೆಲೇ ಕೂತುಬಿಟ್ಟಳು. ಅವಳಿಗೆ ದಮ್ಮಿನ ಬೇನೆ ಇತ್ತು. ಎಸಿಯ ತಂಪು ತಡೆದುಕೊಳ್ಳಲಾಗಲಿಲ್ಲ. ಉಸಿರು ಒಳಗೆ ಹೋಗದು, ಹೊರಗೆ ಬರದು. ತುಟಿ ನೀಲಿಯಾಯಿತು. ನಮ್ಮ ಕಡೆ ಕೆಲವು ವರ್ಷ ಓದಿದ್ದ, ಮೇಳದ ಕಡೆಯ ತಮಿಳು ಹುಡುಗಿಯೊಬ್ಬಳು ಗಾಡಿ ಕರೆದು ಹತ್ತಿರದ ದವಾಖಾನೆಗೆ ಕರೆದೊಯ್ದಳು. ಲಾಲಬೀಯನ್ನು ಒಳಗೆ ಒಯ್ದು ಮೂಗು ಬಾಯಿಗೆ ಮುಖವಾಡ ಕಟ್ಟಿದರು. ಹೊರಗೆ ಕೌಂಟರಿನಲ್ಲಿ ಮುಂಗಡ ಕಟ್ಟಲು ಹೇಳಿದರು. ಕೈಯಲ್ಲಿದ್ದ ನೋಟು ಅದಕ್ಕೆ ಏನೇನೂ ಸಾಲದು.

ಹೊಳಿಯಮ್ಮ ಕಿಸೆಯಿಂದ ಕಾರ್ಡು ತೆಗೆದು ಕೊಟ್ಟಳು. ಈ ಕಾರ್ಡೂ ನಡೆಯದಿದ್ದರೆ ಲಾಲಬೀಯ ಗಂಡ ಶಬ್ಬೀರಸಾಬನಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿ. ಕೌಂಟರಿನವಳು ಮಷಿನ್ನು ನೋಡಿ ಏನೋ ಕೇಳಿದಳು. ತಮಿಳು ಹುಡುಗಿ ಕೈಸನ್ನೆ ಮಾಡುತ್ತ, ಒಡಕು ಕನ್ನಡದಲ್ಲಿ ತಿಳಿಸಿದಳು. "ರೂಪಾಯಿಯಲ್ಲಿ ತಗೋಳ್ಲಾ ಅಂತ ಕೇಳ್ತಾರೆ. ನಿಮಗೆ ಅದೇ ಸುಲಭ ಅಂತಾರೆ."

ಅಂಥ ಗಾಬರಿಯಲ್ಲೂ ಹೊಳಿಯಮ್ಮ ತಲೆ ಅಲ್ಲಾಡಿಸಿದಳು. "ರೂಪಾಯಿ ಬ್ಯಾಡ. ಡಾಲರ್."

ಕೌಂಟರಿನವಳು ಅವಳ ಮುಖ ನೋಡಿದಳು, ನಕ್ಕು, ಗುಂಡಿ ಒತ್ತಿದಳು. ಹೊಳಿಯಮ್ಮ ಪಿನ್ ಹಾಕಿದಳು. ಚೀಟಿ ಹೊರಗೆ ಬಂತು.

ಸಂಜೆಗೆ ಲಾಲಬೀ ಎದ್ದು ಕೂತಳು. ಅವಳು ಮೊದಲು ಕೇಳಿದ ಮಾತು, "ಮಳಿಗಿ ಯಾರು ನೋಡಾಕತ್ಯಾರ ಅಕ್ಕಾ?" ಹೊಳಿಯಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮರುದಿನ ಇಬ್ಬರೂ ಮತ್ತೆ ಮಳಿಗೆಯಲ್ಲಿದ್ದರು, ಲಾಲಬೀ ಮೈತುಂಬ ಕೌದಿ ಹೊದ್ದುಕೊಂಡು. ಅವಳು ಹೊದ್ದ ಕೌದಿಯೇ ಬೇಕು ಅಂತ ಇಬ್ಬರು ಜಗಳವಾಡಿದರು. ಮೇಳ ಮುಗಿಯುವ ಹೊತ್ತಿಗೆ ಮಾರಲು ಒಂದು ಕೌದಿಯೂ ಉಳಿಯಲಿಲ್ಲ.

ದವಾಖಾನೆಯ ಕತೆಯನ್ನೆಲ್ಲ ಲಾಲಬೀ ಫೋನಿನಲ್ಲೇ ಊರಿಗೆ ಮುಟ್ಟಿಸಿದ್ದಳು. ಊರಿಗೆ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಶಬ್ಬೀರಸಾಬ ಹೊಳಿಯಮ್ಮನ ಕಾಲು ಮುಟ್ಟಲು ಬಂದ. ಅವಳು ತಡೆದಳು. ಅವರ ಹಿಂದೆ ಹನುಮಣ್ಣ ನಿಂತಿದ್ದ. ಹೆಂಡತಿಯ ಪೆಟ್ಟಿಗೆ ತಾನೇ ತಲೆಯ ಮೇಲೆ ಹೊತ್ತುಕೊಂಡ. ಅರ್ಧ ದಾರಿಯಲ್ಲಿ ಕೇಳಿದ: "ರೂಪಾಯಿ ಬ್ಯಾಡ ಅಂತ ನೀನ ಅಂದ್ಯಾ?"

"ನಾನ ಅಂದೆ."

"ಛಲೋ ಮಾಡಿದಿ," ಅಂದ ಹನುಮಣ್ಣ.

ಹದಿನೈದು ದಿನ ಕಳೆದ ಮೇಲೆ ಕಿರಾಣಿ ಅಂಗಡಿಯ ನಜೀರಸಾಬ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟ ಸುದ್ದಿ ಬಂತು. ರೊಕ್ಕ ಎಲ್ಲ ನೋಟಿನಲ್ಲೇ ಒಯ್ಯುತ್ತೇನೆ ಅಂತ ಅವನು ಹೇಳುತ್ತಿದ್ದುದು ಹನುಮಣ್ಣನ ಕಿವಿಗೆ ಬಿತ್ತು. ಎದ್ದು ಟ್ರಂಕಿನ ಕೀಲಿ ತೆಗೆದು, ತಳದಲ್ಲಿದ್ದ ತನ್ನ ಕಾರ್ಡು ಕಿಸೆಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದ.

"ನಡೀರಿ ನಜೀರಸಾಬ, ಮೊದಲ ಬ್ಯಾಂಕಿಗೆ ಹೋಗೂಣು. ಯಾವ ಕಾರ್ಡ್ ಎಷ್ಟು ಮುರ್ಕೊಂತೈತಿ ಕೇಳೂಣು. ಒಂದಲ್ಲ, ಎರಡು ತಗೋರಿ. ನಾನೂ ಬರ್ತೀನಿ, ನನಗೂ ಒಂದು ಕಾರ್ಡಿನ ಕೆಲಸ ಐತಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ಯಾತ್ರೆಗೋ, ದುಡಿಮೆಗೋ, ಮಗಳ ಬಾಣಂತನಕ್ಕೋ, ನಮ್ಮ ಕುಷ್ಟಗಿ, ಗಂಗಾವತಿ, ಯಲಬುರ್ಗಾದ ಮಂದಿ ಈಗ ಹೊರದೇಶಕ್ಕೆ ಹೋಗುತ್ತಿದ್ದಾರೆ. ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ ಪೆಟ್ಟಿಗೆ ಕಟ್ಟುವ ಮೊದಲು ಬ್ಯಾಂಕಿಗೆ ಹೋಗಿ. ಈ ಕಾರ್ಡು ಅಲ್ಲಿ ನಡೆಯುತ್ತದೆಯೇ, ಎಷ್ಟು ಫೀ ಮುರಿದುಕೊಳ್ಳುತ್ತೀರಿ, ಕಳೆದರೆ ಯಾವ ನಂಬರಿಗೆ ಫೋನ್ ಮಾಡಲಿ ಅಂತ ನಾಚದೆ ಕೇಳಿ. ರೊಕ್ಕ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ. ಕಾರ್ಡು ಎರಡಿರಲಿ, ಬೇರೆ ಬೇರೆ ಕಡೆ ಇರಲಿ. ಪಿನ್ನು, ಓಟಿಪಿ ಯಾರಿಗೂ ಹೇಳಬೇಡಿ. ಆಮೇಲೆ ಧೈರ್ಯವಾಗಿ ವಿಮಾನ ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ.