ಹಿಡಿ ಅಕ್ಕಿಯ ಚೀಲ

ಶನಿವಾರ ಬಂತೆಂದರೆ ಸಹನಾಳಿಗೆ ಅಳು ಬರುತ್ತಿತ್ತು. ವಾರವಿಡೀ ಬ್ಯಾಂಕಿನಲ್ಲಿ ದುಡಿದು ಹಣ್ಣಾದವಳಿಗೆ ಅಂದು ಚರ್ಚಿನ ಅಕ್ಕಿ ಕೇರುವ ಕೆಲಸ. ತೆಲುಗು ಸೀಮೆಯ ಮಧುರವಾಡದ ಆ ಚರ್ಚಿನ ಸಭೆಯಲ್ಲಿ ಪ್ರತಿ ಮನೆಯವರೂ ಅನ್ನಕ್ಕಿಡುವ ಮುನ್ನ ದೇವರಿಗೆಂದು ಒಂದು ಹಿಡಿ ಅಕ್ಕಿ ತೆಗೆದು ಬಟ್ಟೆಯ ಚೀಲಕ್ಕೆ ಹಾಕುವುದು ವಾಡಿಕೆ. ಪಾಸ್ಟರನ್ನೂ ಗದರಿಸಬಲ್ಲ ಹಿರಿಯಾಕೆ ಕೋಟೇಶ್ವರಮ್ಮ ಚೀಲಗಳನ್ನು ಒಟ್ಟುಮಾಡಿ ತರುತ್ತಿದ್ದರು. ಸಹನಾ ಹುಳು ಆರಿಸಿ, ಕೇರಿ, ಡಬ್ಬಿಗೆ ತುಂಬಬೇಕು. ವಿಜಯವಾಡದ ಪಟಮಟದಿಂದ ವರ್ಗವಾಗಿ ಬಂದ ಹೊಸದರಲ್ಲಿ, ಪಾಸ್ಟರ್ ನಗುನಗುತ್ತಾ ಕೇಳಿದರೆಂದು ಒಪ್ಪಿಕೊಂಡ ಉಸಾಬರಿ ಇದು. ಬೇಡ ಅನ್ನಲು ಬಾಯಿ ಬಾರದವರ ಕೊರಳಿಗೆ ಬೀಳದ ಕೆಲಸವುಂಟೇ?

ಈಗೀಗ ಚೀಲಗಳು ಸೊರಗಿದ್ದವು. ಒಂಟಿಯಾಗಿರುವ ನಿವೃತ್ತ ಮೇಷ್ಟ್ರು ಸತ್ಯಮೂರ್ತಿಯವರದಂತೂ ತಿಂಗಳಿಂದ ಬರಿದು. ಈ ಭಾನುವಾರದ ಆರಾಧನೆಯಲ್ಲಿ, ದೇವರಿಗೆ ಕೊಡುವುದರ ಬಗ್ಗೆ ನೀವೇ ಎರಡು ಮಾತು ಹೇಳಿ, ಸ್ವಲ್ಪ ಬಿಗಿಯಾಗಿಯೇ ಹೇಳಿ ಎಂದು ಪಾಸ್ಟರ್ ಒತ್ತಾಯಿಸಿದ್ದರು. ಸಹನಾ ಮಾತು ಹೊಂದಿಸಿಕೊಂಡಿದ್ದಳು: ‘ಒಂದು ಹಿಡಿ ಅಕ್ಕಿಗೂ ಕೈ ಬಾರದವರು ಯಾವ ಮುಖ ಇಟ್ಟುಕೊಂಡು ದೇವರ ಮುಂದೆ ಮೊಣಕಾಲೂರುತ್ತೀರಿ?’ ಕೇಳಿ ಆ ಮೇಷ್ಟ್ರು ತಲೆ ತಗ್ಗಿಸಬೇಕು, ಹಾಗಿತ್ತು ಸಿಟ್ಟು. ದಣಿದವರ ಸಿಟ್ಟಿಗೆ ಯಾರಾದರೂ ಒಬ್ಬರು ಸಿಗಬೇಕಲ್ಲ.

ಈ ವಾರ ಅವಳಿಗೇ ಜ್ವರ. ಕೀಲುಕೀಲೂ ಹಿಡಿದುಕೊಂಡಿದ್ದವು. ಬ್ರೆಡ್ಡು, ಮಾತ್ರೆಗಳಲ್ಲೇ ದಿನ ನೂಕಿದ್ದಳು. ಪಟಮಟದಲ್ಲೇ ಉಳಿದ ಗಂಡ ಫೋನಿನಲ್ಲಿ, “ಏನ್ ಮಾಡ್ಲಿ ಸಹನಾ, ರಜಾ ಕೊಡವಲ್ರು,” ಎಂದಿದ್ದ.

“ಇರ್ಲಿ ಬಿಡ್ರಿ, ನಾ ಆರಾಮ ಅದೀನಿ,” ಎಂದು ಸುಳ್ಳು ಹೇಳಿ, ಫೋನಿಟ್ಟು ಅತ್ತಿದ್ದಳು.

ಶನಿವಾರ ಸಂಜೆ ಕೋಟೇಶ್ವರಮ್ಮ ಬಂದು ಚೀಲಗಳ ಗಂಟು ಇಳಿಸಿದರು. ಅಡುಗೆಮನೆಯ ಮೊಳೆಗೆ ತೂಗುತ್ತಿದ್ದ ಸಹನಾಳ ಚೀಲವನ್ನೂ ತೆಗೆದು ಮುಟ್ಟಿ ನೋಡಿದರು. ಒಂದು ಕಾಳೂ ಇರಲಿಲ್ಲ. ಸಹನಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸದಾ ವಟಗುಟ್ಟುವ ಆಕೆ ಅಂದು ತುಟಿಪಿಟಕ್ಕೆನ್ನದೆ ಹೊರಟುಹೋದರು. ಇನ್ನು ಸಭೆಗೆಲ್ಲ ಡಂಗುರ ಎಂದುಕೊಂಡು ಸಹನಾ ಹಾಸಿಗೆಗೆ ಬಿದ್ದಳು.

ಸ್ವಲ್ಪ ಹೊತ್ತಿಗೆ ಕೋಟೇಶ್ವರಮ್ಮ ತಿರುಗಿ ಬಂದರು, ಕೈಯಲ್ಲಿ ಬಿಸಿ ಗಂಜಿಯ ಪಾತ್ರೆ.

“ಅಂಗಡಿಯಿಂದ ಅಕ್ಕಿ ತರಿಸಿ ಚೀಲ ತುಂಬಿಸ್ತೀನಿ ಅಮ್ಮಾ,” ಸಹನಾ ತನ್ನ ಅರೆಬರೆ ತೆಲುಗಿನಲ್ಲಿ ತೊದಲಿದಳು.

“ಯಾಕೆ?” ಆಕೆಗೆ ಅರ್ಥವೇ ಆಗಲಿಲ್ಲ. “ಚೀಲ ಖಾಲಿ ಅಂದ್ರೆ ಒಲೆ ಹಚ್ಚಿಲ್ಲ ಅಂತ ತಾನೇ ತಲ್ಲೀ? ಅಂಥ ಮನೆಗೆ ನಾವು ಗಂಜಿ ಒಯ್ಯಬೇಕು. ನಮ್ಮತ್ತೆ ಕಾಲದಿಂದ ಹಾಗೇ.”

ಚಮಚ ಸಹನಾಳ ಕೈಯಲ್ಲೇ ನಿಂತಿತು. “ಹಾಗಾದ್ರೆ… ಸತ್ಯಮೂರ್ತಿ ಮೇಷ್ಟ್ರು?”

“ದಿನಾ ಒಯ್ತೀನಲ್ಲ! ಪಾಪ, ಕಣ್ಣು ಪೂರ್ತಿ ಹೋಯ್ತು. ಒಲೆ ಹತ್ರ ಹೋಗೋಕೇ ಹೆದರ್ತಾರೆ. ನಾಳೆ ನೀನು ಮಾತಾಡ್ತೀಯ ಅಂತ ಕೇಳಿ, ಕೈಹಿಡಿದು ಚರ್ಚಿಗೆ ಕರ್ಕೊಂಡು ಹೋಗು ಅಂತ ನಂಗೆ ಹೇಳಿದಾರೆ.”

ಹೊಂದಿಸಿಟ್ಟಿದ್ದ ಮಾತೆಲ್ಲ ಸಹನಾಳಿಗೆ ನೆನಪಾಯಿತು. ನಾಚಿಕೆಯಿಂದ ಕಣ್ಣು ತುಂಬಿತು. ಉಪ್ಪು ಕಡಿಮೆಯಾಯಿತೇನೋ ಎಂದು ಕೋಟೇಶ್ವರಮ್ಮ ಗಾಬರಿಯಾಗಿ ಅಡುಗೆಮನೆಗೆ ಹೋದರು.

ಸಹನಾ ಪಾಸ್ಟರಿಗೆ ಫೋನು ಮಾಡಿದಳು.

“ನಾಳೆ ನಾನು ಯಾರಿಗೂ ಬುದ್ಧಿ ಹೇಳೋದಿಲ್ಲ. ಖಾಲಿ ಬಂದ ಚೀಲಗಳಲ್ಲಿ ನಂದೂ ಒಂದು.”