ಅತ್ತೆ ತಿದ್ದಿದ ಬ್ಲಾಗ್

ನೀರಿನ ಪೈಪು ಹಾಕಲು ಬೀದಿ ಅಗೆದವರು ಇಂಟರ್ನೆಟ್ಟಿನ ಕೇಬಲ್ಲನ್ನೂ ತುಂಡು ಮಾಡಿದ್ದರು. ಮೊಬೈಲಿಗೂ ಸಿಗ್ನಲ್ ಇಲ್ಲ. ಅತ್ತೆಯ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದ ಸೊಸೆಗೆ ಕೈ ಕಟ್ಟಿಹಾಕಿದಂತಾಯಿತು. ಹೊಲಿಗೆಯ ಎಡವಟ್ಟುಗಳ ಬಗ್ಗೆ ಅವಳು ಬರೆಯುತ್ತಿದ್ದ ಬ್ಲಾಗಿಗೆ ಓದುಗರು ಕಾಯುತ್ತಿದ್ದರು. ನೆಟ್ ಬಂದಾಗ ಬರಲಿ, ಬರೆದಿಡುವುದಕ್ಕೇನು ಅಡ್ಡಿ ಎಂದುಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಕೂತಳು.

ಬರೆದದ್ದೇನೋ ಆಯಿತು. ಚೆನ್ನಾಗಿದೆಯೋ ಇಲ್ಲವೋ ಹೇಳುವವರು ಯಾರು? ಅಂಗಡಿಯಲ್ಲಿದ್ದವರು ಗುಂಡಿ ಹೊಲಿಯುತ್ತಿದ್ದ ಅತ್ತೆ ಒಬ್ಬರೇ. ಫಜೀತಿ ಏನೆಂದರೆ, ಬರಹ ಇದ್ದದ್ದೂ ಅತ್ತೆಯ ಬಗ್ಗೆಯೇ. ಮದುವೆಯಾದ ಹೊಸದರಲ್ಲಿ ಅವರು ಮಾವನಿಗೆ ಹೊಲಿದುಕೊಟ್ಟ ಪ್ಯಾಂಟು ನಾಲ್ಕು ಜನರೆದುರು ಕುರ್ಚಿಯಲ್ಲಿ ಕೂರುವಾಗ ಹಿಂದುಗಡೆ ಪರ್ರೆಂದು ಬಿಚ್ಚಿಕೊಂಡ ಕಥೆ. ಮನೆಮಂದಿಗೆಲ್ಲ ಗೊತ್ತಿತ್ತು, ಅತ್ತೆಯ ಮುಂದೆ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಬೇರೆ ದಾರಿಯಿಲ್ಲದೆ ಸೊಸೆ ಅವರಿಗೇ ಗಟ್ಟಿಯಾಗಿ ಓದತೊಡಗಿದಳು. ಅತ್ತೆ ಎಂದಿದ್ದ ಕಡೆಯೆಲ್ಲ ‘ಒಬ್ಬಾಕೆ’ ಎಂದು ಬದಲಿಸುತ್ತ ಹೋದಳು. ಅಳತೆ ತಪ್ಪಿದ್ದು ಆಕೆಗೆ ಗೊತ್ತೇ ಆಗಲಿಲ್ಲ ಎಂಬಲ್ಲಿಗೆ ಬಂದಾಗ ಅತ್ತೆಯ ಸೂಜಿ ನಿಂತಿತು.

“ಆ ಒಬ್ಬಾಕೆ ನಾನೇ ತಾನೆ?”

“ಹೂಂ ಅತ್ತೆ. ಬೇಜಾರಾದ್ರೆ ಅಳಿಸಿಬಿಡ್ತೀನಿ. ಇನ್ನೂ ಯಾರಿಗೂ ಹೋಗಿಲ್ಲ.”

“ಅಳಿಸಬೇಡ, ಸರಿಯಾಗಿ ಬರಿ. ನನ್ನ ಅಳತೆ ತಪ್ಪಿರಲಿಲ್ಲ ಕಣೆ. ಟೇಪು ಹಿಡಿದು ಹತ್ತಿರ ಹೋದೆ ನೋಡು, ಹೊಸ ಹೆಂಡತಿ ಮುಂದೆ ತೆಳ್ಳಗೆ ಕಾಣ್ಬೇಕು ಅಂತ ನಿಮ್ಮ ಮಾವ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳ್ಕೊಂಡ್ರು. ಪ್ಯಾಂಟು ಹಾಕಿದ ಮೇಲೆ ಉಸಿರು ಬಿಡದೇ ಇರೋಕಾಗುತ್ತಾ? ಅವರ ಮರ್ಯಾದೆ ಹೋಗುತ್ತೆ ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ.”

ಸೊಸೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೊದಲಿನಿಂದ ಮತ್ತೆ ಬರೆಯಲು ಕೂತಳು. ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, “ಬೂದು ಬಣ್ಣದ ಬಟ್ಟೆ, ಅದನ್ನೂ ಹಾಕು” ಎಂದು ಹೇಳಿಕೊಡುತ್ತಿದ್ದರು.

ಸಂಜೆಗೆ ನೆಟ್ ಬಂತು. ಸೊಸೆ ಇನ್ನೇನು ಬ್ಲಾಗಿಗೆ ಏರಿಸಬೇಕು, ಅತ್ತೆ ತಡೆದರು.

“ಇರು, ಅವರನ್ನೂ ಒಂದು ಮಾತು ಕೇಳೋಣ.”

ಕರೆದಾಗ ಮಹಡಿಯಿಂದ ಇಳಿದುಬಂದ ಮಾವ, ಸೊಸೆ ಓದಿದ್ದನ್ನು ನಿಂತೇ ಪೂರ್ತಿ ಕೇಳಿಸಿಕೊಂಡರು. ಕಿವಿ ಕೆಂಪಗಾಗಿತ್ತು.

“ಒಂದು ತಪ್ಪಿದೆ” ಎಂದರು ಗಂಭೀರವಾಗಿ. “ಬಿಚ್ಚಿದ್ದು ಕುರ್ಚಿಯಲ್ಲಿ ಕೂರುವಾಗ ಅಲ್ಲ, ಸೈಕಲ್ ಹತ್ತುವಾಗ.”

“ಹಾಗಾದ್ರೆ ಹೊಟ್ಟೆ ಎಳ್ಕೊಂಡಿದ್ದು ನಿಜ?” ಎಂದರು ಅತ್ತೆ.

“ಆವತ್ತೇ ಗೊತ್ತಾಗಿತ್ತಾ ನಿನಗೆ? ಮತ್ತೆ ಸ್ವಲ್ಪ ಸಡಿಲ ಬಿಡಬಾರದಾಗಿತ್ತಾ?”

“ಅಷ್ಟು ಕಷ್ಟಪಟ್ಟು ಉಸಿರು ಹಿಡ್ಕೊಂಡಿದ್ರಿ. ಬಿಡಿ ಅನ್ನೋಕೆ ಮನಸ್ಸು ಬರ್ಲಿಲ್ಲ.”

ಮಾವನಿಗೂ ನಗು ತಡೆಯಲಾಗಲಿಲ್ಲ. ಸೊಸೆ ಬರಹದಲ್ಲಿ ಕುರ್ಚಿ ತೆಗೆದು ಸೈಕಲ್ ಹಾಕಿದಳು. ಅತ್ತೆ ಈಗಷ್ಟೇ ಆಡಿದ ಮಾತನ್ನೂ ಸೇರಿಸಿ ಏರಿಸಿಯೇಬಿಟ್ಟಳು. ಊಟಕ್ಕೆ ಕೂರುವಷ್ಟರಲ್ಲಿ ಓದುಗರ ಮಾತುಗಳು ಒಂದರ ಹಿಂದೊಂದು ಬರತೊಡಗಿದವು. ಮಾವ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಗಟ್ಟಿಯಾಗಿ ಓದಿದರು. ತಮ್ಮ ಪರ ವಹಿಸಿದವರದ್ದನ್ನು ಮಾತ್ರ ಎರಡೆರಡು ಸಲ.